ಸೋಂಕಿನ ದಿನಗಳಲ್ಲಿ ಕಣ್ಣು ಕಾಣದವರಿಗೆ ಹೆಗಲಾಗುವುದು ಹೇಗೆ?

ಕೋವಿಡ್ ದಿನಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನೆಲದ ಮೇಲೆ ಬಣ್ಣದ ವೃತ್ತಗಳು. ಗೋಡೆಯ ಮೇಲೆ ಬಾಣದ ಗುರುತು. ಬಾಗಿಲಿಗೆ ಅಂಟಿಸಿದ ಚೀಟಿ. ಟಿವಿಯಲ್ಲಿ ಏರುತ್ತಾ ಇಳಿಯುತ್ತಾ ಹೋಗುವ ಗೆರೆ. ನಮ್ಮನ್ನು ಕಾಪಾಡಲು ಬಂದ ಸೂಚನೆಗಳಲ್ಲಿ ಹೆಚ್ಚಿನವು ಕಣ್ಣಿಗೆ ಮಾತ್ರ ಹೇಳಿದಂಥವು. ಅದರ ಜೊತೆಗೆ ಇನ್ನೊಂದು ಮಾತು: ಏನನ್ನೂ ಮುಟ್ಟಬೇಡಿ, ಯಾರ ಹತ್ತಿರವೂ ಹೋಗಬೇಡಿ.

ಈಗ ಇದನ್ನು ಕಣ್ಣು ಕಾಣದವರ ಕಡೆಯಿಂದ ಯೋಚಿಸಿ. ಲಿಫ್ಟಿನ ಗುಂಡಿ, ಮೆಟ್ಟಿಲಿನ ಕಂಬಿ, ಅಂಗಡಿಯ ಕಟ್ಟೆ, ಇವನ್ನೆಲ್ಲ ಮುಟ್ಟಿಯೇ ಅವರು ದಾರಿ ಹುಡುಕುವುದು. ಪಕ್ಕದವರ ತೋಳು ಹಿಡಿದೇ ರಸ್ತೆ ದಾಟುವುದು. ಬರೆದದ್ದು ಮೊದಲೇ ಕಾಣುತ್ತಿರಲಿಲ್ಲ, ಈಗ ಮುಟ್ಟುವುದೂ ತಪ್ಪಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ದೃಷ್ಟಿ ತೊಂದರೆ ಇದೆ. ಓದಲು ಕನ್ನಡಕ ಬೇಕಾದವರೂ ಇದರಲ್ಲಿ ಸೇರಿದ್ದಾರೆ, ಬೆಳಕೇ ಕಾಣದವರೂ ಸೇರಿದ್ದಾರೆ. ಹಾಗಾಗಿ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಆಫೀಸಿನಲ್ಲೋ ಇಂಥವರು ಒಬ್ಬರಾದರೂ ಇರುತ್ತಾರೆ. ಮುಂದಿನ ಸೋಂಕು ಯಾವುದೇ ಇರಲಿ, ನಿಮ್ಮ ಕೆಲಸ ಮುಖ್ಯವಾಗಿ ಎರಡು. ಕಣ್ಣಿಗೆ ಕಾಣುವುದನ್ನು ಬಾಯಲ್ಲಿ ಹೇಳುವುದು. ಮುಟ್ಟಲೇಬೇಕಾದ್ದನ್ನು ಭಯವಿಲ್ಲದೆ ಮುಟ್ಟುವಂತೆ ಮಾಡುವುದು. ಕೆಳಗಿನ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟಿದವು.

ಮೊದಲ ಹೆಜ್ಜೆ: ಕೇಳಿ, ಊಹಿಸಬೇಡಿ

'ಕಣ್ಣು ಕಾಣಲ್ಲ' ಎಂಬ ಒಂದು ಮಾತಿನೊಳಗೆ ಹತ್ತು ಬಗೆ ಇದೆ. ಕೆಲವರಿಗೆ ಏನೂ ಕಾಣುವುದಿಲ್ಲ. ಕೆಲವರಿಗೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಕಾಣುತ್ತದೆ, ಸುತ್ತಲಿನದು ಇಲ್ಲ. ಇನ್ನು ಕೆಲವರಿಗೆ ಇದರ ಉಲ್ಟಾ: ಅಂಚು ಕಾಣುತ್ತದೆ, ಎದುರಿಗಿರುವ ಮುಖ ಕಾಣುವುದಿಲ್ಲ. ಹಗಲು ಆರಾಮವಾಗಿ ಓಡಾಡುವವರು ಸಂಜೆಯಾದರೆ ತಡವರಿಸಬಹುದು. ಮಂದದೃಷ್ಟಿ ಇರುವ ಎಷ್ಟೋ ಜನ ಬಿಳಿ ಕೋಲು ಹಿಡಿಯುವುದಿಲ್ಲ. ಸೋಂಕಿನ ಕಾಲದಲ್ಲಿ ಅವರು ಸಾಲಿನ ಗುರುತು ದಾಟಿ ನಿಂತರೆ, ಎಲ್ಲ ಕಾಣುವವರೇ ಬೇಕಂತ ಹೀಗೆ ಮಾಡುತ್ತಿದ್ದಾರೆ ಎಂದು ಜನ ಬೈಯುತ್ತಾರೆ.

ಅದಕ್ಕೇ ಸೋಂಕು ಬಾಗಿಲಿಗೆ ಬರುವ ಮೊದಲೇ ಕೂತು ಮಾತಾಡಿ. ನಿಮಗೆ ಸುದ್ದಿ ಹೇಗೆ ಬಂದರೆ ಅನುಕೂಲ? ಫೋನ್ ಮಾಡಲಾ, ಮೆಸೇಜ್ ಟೈಪ್ ಮಾಡಲಾ, ಧ್ವನಿ ಸಂದೇಶ ಕಳಿಸಲಾ? ಹೊರಗಿನ ಯಾವ ಕೆಲಸ ನೀವೇ ಮಾಡ್ತೀರಿ, ಯಾವುದಕ್ಕೆ ಜೊತೆ ಬೇಕು? ರಾತ್ರಿ ಹುಷಾರು ತಪ್ಪಿದರೆ ಮೊದಲ ಫೋನ್ ಯಾರಿಗೆ?

ಮರೆಯಬಾರದ ಒಂದು ಮಾತಿದೆ. ನೆರವಾಗುವವರಿಗೂ ಸೋಂಕು ತಗಲುತ್ತದೆ. ನೀವೊಬ್ಬರೇ ಆಧಾರವಾಗಿದ್ದು, ನೀವೇ ಎರಡು ವಾರ ಕೋಣೆಯೊಳಗೆ ಇರಬೇಕಾಗಿ ಬಂದರೆ? ಎರಡನೆಯವರು, ಸಾಧ್ಯವಾದರೆ ಮೂರನೆಯವರು ಯಾರು ಅಂತ ಈಗಲೇ ಗೊತ್ತುಮಾಡಿ. ಅವರ ನಂಬರ್ ಕಾಗದದಲ್ಲಿದ್ದರೆ ಉಪಯೋಗವಿಲ್ಲ. ಫೋನಿನಲ್ಲಿ ಸೇವ್ ಆಗಿರಬೇಕು, ಹೆಸರು ಹೇಳಿದರೆ ಕರೆ ಹೋಗಬೇಕು.

ಎರಡನೆಯದು: ಸುದ್ದಿಯನ್ನು ಅಕ್ಷರಕ್ಕೆ ಇಳಿಸಿ

ಕಣ್ಣು ಕಾಣದವರು ಫೋನ್ ಹೇಗೆ ಬಳಸುತ್ತಾರೆ ಎಂದು ಈಗಲೂ ಕೇಳುವವರಿದ್ದಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ, ಇವೆಲ್ಲ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು. ಆದರೆ ಇವು ಚೆನ್ನಾಗಿ ಓದುವುದು ಅಕ್ಷರವನ್ನು. ಆದೇಶದ ಫೋಟೋ ತೆಗೆದು ಗುಂಪಿಗೆ ಹಾಕಿದರೆ ಎಷ್ಟೋ ಸಲ ಕೇಳುವುದು 'ಚಿತ್ರ' ಎಂಬ ಒಂದೇ ಪದ. ಅಷ್ಟೇ.

ಹಾಗಾಗಿ ಫೋಟೋ ಫಾರ್ವರ್ಡ್ ಮಾಡುವ ಬದಲು ನಾಲ್ಕು ಸಾಲು ಟೈಪ್ ಮಾಡಿ. 'ನಾಳೆಯಿಂದ ಔಷಧಿ ಅಂಗಡಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರವರೆಗೆ ಮಾತ್ರ. ಮಾಸ್ಕ್ ಕಡ್ಡಾಯ. ಮುಂದಿನ ಬಾಗಿಲು ಮುಚ್ಚಿರುತ್ತದೆ, ಬಲಗಡೆಯ ಬಾಗಿಲಿನಿಂದ ಹೋಗಬೇಕು.' ಕೊನೆಯ ಸಾಲು ಗಮನಿಸಿ. ಕಣ್ಣಿರುವವರು ಹೋಗಿ ನೋಡಿ ತಿಳಿದುಕೊಳ್ಳುವ ವಿಷಯವನ್ನು ಇವರಿಗೆ ಮುಂಚೆಯೇ ಹೇಳಬೇಕು.

ಗ್ರಾಫ್ ಇದ್ದರೆ ಅದರ ಅರ್ಥವನ್ನು ಹೇಳಿ. 'ಕಳೆದ ವಾರಕ್ಕಿಂತ ಈ ವಾರ ರೋಗಿಗಳು ಕಡಿಮೆ' ಅಂದರೆ ಸಾಕು. ಟಿವಿಯಲ್ಲಿ 'ಪರದೆಯ ಮೇಲೆ ಕಾಣುತ್ತಿರುವ ನಂಬರಿಗೆ ಕರೆ ಮಾಡಿ' ಎನ್ನುವವರ ಮೇಲೆ ನನಗೆ ಬಹಳ ಸಿಟ್ಟಿದೆ. ಹತ್ತು ಅಂಕಿ ಬಾಯಲ್ಲಿ ಹೇಳಲು ಎಷ್ಟು ಹೊತ್ತು ಬೇಕು? ನೀವು ಯಾವುದಾದರೂ ಸಂಘದ ಪರವಾಗಿ ಸೂಚನೆ ಬರೆಯುವವರಾದರೆ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಮಂದದೃಷ್ಟಿ ಇರುವವರಿಗಾಗಿ ಅಕ್ಷರ ದೊಡ್ಡದಿರಲಿ, ಬಣ್ಣ ಗಾಢವಿರಲಿ, ಬೂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬೇಡ.

ಲಸಿಕೆಗೋ ಪರೀಕ್ಷೆಗೋ ಹೆಸರು ನೋಂದಾಯಿಸುವ ವೆಬ್‌ಸೈಟುಗಳದು ಇನ್ನೊಂದು ಗೋಳು. ನೀವು ಮನುಷ್ಯರೇ ಎಂದು ಪರೀಕ್ಷಿಸುವ ವಕ್ರ ಅಕ್ಷರದ ಕ್ಯಾಪ್ಚಾ, ನೋಡನೋಡುತ್ತಲೇ ಮುಗಿದುಹೋಗುವ ಸಮಯ. ಅವರು ಕೇಳಿದರೆ ನೀವು ಪಕ್ಕದಲ್ಲಿ ಕೂತು, ಅಥವಾ ಫೋನಿನಲ್ಲೇ, ಆ ಒಂದು ಮೆಟ್ಟಿಲು ದಾಟಿಸಿ. ಪಾಸ್‌ವರ್ಡ್ ಮತ್ತು ಒಟಿಪಿ ಅವರ ಕೈಯಲ್ಲೇ ಇರಲಿ. ನಿಮ್ಮನ್ನು ನಂಬುವುದಿಲ್ಲ ಅಂತಲ್ಲ. ನಾಳೆ ಇನ್ಯಾರೋ ನೆರವಿಗೆ ಬಂದಾಗಲೂ ಅದೇ ಅಭ್ಯಾಸ ಅವರನ್ನು ಕಾಯುತ್ತದೆ.

ಗಾಳಿಸುದ್ದಿಯ ಬಗ್ಗೆಯೂ ಎಚ್ಚರ. 2020ರಲ್ಲಿ ಮದ್ಯ ಕುಡಿದರೆ ಕೋವಿಡ್ ಬರುವುದಿಲ್ಲ ಎಂಬ ಸುದ್ದಿ ನಂಬಿ ಇರಾನಿನಲ್ಲಿ ಜನ ಮೆಥನಾಲ್ ಎಂಬ ವಿಷ ಬೆರೆತದ್ದನ್ನು ಕುಡಿದರು. ನೂರಾರು ಜನ ಸತ್ತರು. ಬದುಕಿದವರಲ್ಲಿ ಕೆಲವರು ಕಣ್ಣನ್ನೇ ಕಳೆದುಕೊಂಡರು.

ಮೂರನೆಯದು: ರೋಗ ಹೇಗೆ ಹರಡುತ್ತದೆ ಎಂದು ಸರಿಯಾಗಿ ತಿಳಿದುಕೊಳ್ಳಿ

ಇದನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣವಿದೆ. ಕೋವಿಡ್ ಶುರುವಿನಲ್ಲಿ ಹಾಲಿನ ಪ್ಯಾಕೆಟ್ಟನ್ನೂ ತೊಳೆದವರು ನಾವು. ಆಮೇಲೆ ತಿಳಿಯಿತು, ಅದು ಹೆಚ್ಚಾಗಿ ಉಸಿರಿನಿಂದ, ಗಾಳಿಯಿಂದ ಹರಡುತ್ತದೆ, ಮುಟ್ಟಿದ ವಸ್ತುಗಳಿಂದ ಅಪಾಯ ಕಡಿಮೆ ಎಂದು. ಕಣ್ಣಿರುವವರಿಗೆ ಆ ಅತಿ ಎಚ್ಚರ ಬರೀ ತಾಪತ್ರಯ. ಕಣ್ಣು ಕಾಣದವರಿಗೆ ಅದರಿಂದ ಓಡಾಟವೇ ನಿಂತಿತು. ಕಾಲರಾ ಬರುವುದು ನೀರು, ಆಹಾರದಿಂದ. ಡೆಂಗಿ ಸೊಳ್ಳೆಯಿಂದ. ಎಬೋಲಾ ರೋಗಿಯ ಮೈಯ ದ್ರವ ತಾಗಿದರೆ. ಒಂದೊಂದು ರೋಗದ ದಾರಿಯೂ ಬೇರೆ. ಡೆಂಗಿ ಬಂದಾಗ ತೋಳು ಹಿಡಿಯಲು ಹೆದರುವುದರಲ್ಲಿ ಅರ್ಥವಿಲ್ಲ. ಎಬೋಲಾ ಬಂದಾಗ ಹೆದರಲೇಬೇಕು. 'ಮುಟ್ಟಬೇಡಿ' ಎನ್ನುವ ಮೊದಲು ಈ ರೋಗಕ್ಕೆ ಅದು ನಿಜವಾಗಿ ಬೇಕಾ ಎಂದು ವೈದ್ಯರನ್ನು ಕೇಳಿ.

ನಾಲ್ಕನೆಯದು: ಮನೆಯೊಳಗಿನ ಏರ್ಪಾಟು

ಸ್ಯಾನಿಟೈಸರ್, ನೆಲ ಒರೆಸುವ ದ್ರಾವಣ, ಕುಡಿಯುವ ನೀರು, ಮೂರೂ ಒಂದೇ ಆಕಾರದ ಬಾಟಲಿಯಲ್ಲಿ ಇದ್ದರೆ ಅನಾಹುತ ಕಾದಿದೆ ಎಂದೇ ಅರ್ಥ. ಕ್ರಿಮಿನಾಶಕವನ್ನು ಎಂದೂ ನೀರಿನ ಬಾಟಲಿಗೆ ತುಂಬಬೇಡಿ. ಸ್ಯಾನಿಟೈಸರಿಗೆ ಒಂದು ರಬ್ಬರ್ ಬ್ಯಾಂಡ್, ನೆಲದ ದ್ರಾವಣಕ್ಕೆ ಎರಡು. ಮಾತ್ರೆಗಳಿಗೂ ಇದೇ ಉಪಾಯ: ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು. ಬ್ರೈಲ್ ಗೊತ್ತಿದ್ದವರಿಗೆ ಬ್ರೈಲ್ ಚೀಟಿ ಇನ್ನೂ ಒಳ್ಳೆಯದು. ಆದರೆ ದೃಷ್ಟಿ ತೊಂದರೆ ಇರುವ ಎಲ್ಲರಿಗೂ ಬ್ರೈಲ್ ಬರುವುದಿಲ್ಲ, ಅದರಲ್ಲೂ ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವರಿಗೆ. ಗುರುತು ಹಾಕುವಾಗ ಅವರೇ ಹಾಕಲಿ, ಅಥವಾ ಅವರು ಹೇಳಿದ ಹಾಗೆ ನೀವು ಹಾಕಿ. ನಿಮ್ಮ ಲೆಕ್ಕಾಚಾರ ಅವರ ಬೆರಳಿಗೆ ಗೊತ್ತಾಗಬೇಕಲ್ವಾ?

ಕೈ ತೊಳೆಯಲು 20 ಸೆಕೆಂಡು ಬೇಕು. ಸೋಪು ನೀರು ಇಲ್ಲದಾಗ ಕನಿಷ್ಠ ಶೇ 60ರಷ್ಟು ಆಲ್ಕೋಹಾಲ್ ಇರುವ ಸ್ಯಾನಿಟೈಸರ್. ಬ್ರೈಲ್ ಓದುವವರಿಗೆ ಪದೇಪದೇ ಸ್ಯಾನಿಟೈಸರ್ ಹಚ್ಚಿ ಬೆರಳ ತುದಿ ಒಣಗಿ ಬಿರಿದರೆ ಓದುವುದೇ ಕಷ್ಟ. ಮನೆಯಲ್ಲಿದ್ದಾಗ ಸೋಪು ನೀರೇ ಸಾಕು. ಹೊರಗಿಟ್ಟ ಬಾಟಲಿಯ ಬಾಯಿ ಯಾವ ಕಡೆಗಿದೆ ಎಂದು ತಿಳಿಯದೆ ಒತ್ತಿ, ದ್ರವ ಕಣ್ಣಿಗೆ ಸಿಡಿಯುವುದುಂಟು. ಹಾಗಾದರೆ ಉಜ್ಜಬಾರದು. ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಬಿಳಿ ಕೋಲನ್ನು ಮರೆಯಬೇಡಿ. ಹೊರಗಿನಿಂದ ಬಂದ ಮೇಲೆ ಹಿಡಿಯನ್ನೂ ಮಡಚುವ ಗಂಟುಗಳನ್ನೂ ಸೋಪು ನೀರಿನ ಬಟ್ಟೆಯಿಂದ ಒರೆಸಿ. ಮೊದಲು ಕೋಲು, ಆಮೇಲೆ ಕೈ. ಉಲ್ಟಾ ಮಾಡಿದರೆ ಕೈ ತೊಳೆದದ್ದು ದಂಡ.

ಜ್ವರ ನೋಡಲು ಮಾತಾಡುವ ಥರ್ಮಾಮೀಟರ್ ಸಿಗುತ್ತದೆ. ಅದೊಂದನ್ನು ಮೊದಲೇ ತಂದಿಡಿ, ರಾತ್ರಿ ಎರಡು ಗಂಟೆಗೆ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಇನ್ನು ಮನೆಯಲ್ಲೇ ಮಾಡುವ ಪರೀಕ್ಷೆಯ ಕಿಟ್. ಇದರಷ್ಟು ಕಣ್ಣನ್ನೇ ನಂಬಿದ ವಸ್ತು ಇನ್ನೊಂದಿಲ್ಲ. ಸಣ್ಣ ಗುಂಡಿಯೊಳಗೆ ಎಣಿಸಿ ಹನಿ ಬಿಡಬೇಕು, ಹೇಳಿದಷ್ಟು ನಿಮಿಷ ಕಾಯಬೇಕು, ಕೊನೆಗೆ ಮಸುಕು ಗೆರೆ ಒಂದಿದೆಯೋ ಎರಡಿದೆಯೋ ನೋಡಬೇಕು. ಫಲಿತಾಂಶವನ್ನು ಬ್ಲೂಟೂತ್ ಮೂಲಕ ಫೋನಿಗೆ ಕಳಿಸಿ ಓದಿ ಹೇಳುವ ಕಿಟ್ಟುಗಳನ್ನು ಅಮೆರಿಕ ಸರ್ಕಾರ ಹಂಚಲು ಹೊರಟಿದ್ದು 2022ರ ಜೂನ್‌ನಲ್ಲಿ. ಆ ಹೊತ್ತಿಗೆ ಸೋಂಕು ಶುರುವಾಗಿ ಎರಡು ವರ್ಷ ದಾಟಿತ್ತು. ಸಾಮಾನ್ಯ ಕಿಟ್ ಮಾತ್ರ ಇದ್ದರೆ ಹೀಗೆ ಮಾಡಿ. ಸಾಮಾನನ್ನೆಲ್ಲ ಅಂಚಿರುವ ತಟ್ಟೆಯಲ್ಲಿ ಇಡಿ, ಉರುಳಿ ಹೋಗುವುದಿಲ್ಲ. ಎಡದಿಂದ ಬಲಕ್ಕೆ ಬಳಸುವ ಕ್ರಮದಲ್ಲೇ ಜೋಡಿಸಿ, ಒಂದೊಂದನ್ನೂ ಅವರ ಕೈಗೆ ಕೊಟ್ಟು ಹೆಸರು ಹೇಳಿ. ನೀವು ಹತ್ತಿರ ಹೋಗುವಂತಿಲ್ಲ ಎಂದಾದರೆ ವಿಡಿಯೊ ಕರೆ ಮಾಡಿ. ಒಳ್ಳೆಯ ಬೆಳಕು, ಕೆಳಗೆ ಕಪ್ಪು ಬಟ್ಟೆ, ಫೋನು ಅಲುಗಾಡದ ಹಾಗೆ ಒಂದು ಆಸರೆ. ಪರಿಚಯದವರಿಗೆ ತೋರಿಸಲು ಮನಸ್ಸಿಲ್ಲದವರೂ ಇರುತ್ತಾರೆ, ತಮ್ಮ ರೋಗ ತಮಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಾಗುವುದು ಯಾರಿಗೆ ಇಷ್ಟ? ಅಂಥವರಿಗೆ 2015ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಬಿ ಮೈ ಐಸ್ ಎಂಬ ಆಪ್ ಇದೆ. ಅದರಲ್ಲಿ ಗುರುತು ಪರಿಚಯವಿಲ್ಲದ ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ನೋಡಿ ಹೇಳುತ್ತಾರೆ, ದುಡ್ಡಿಲ್ಲ.

ಐದನೆಯದು: ಹೊರಗೆ ಕರೆದುಕೊಂಡು ಹೋಗುವಾಗ

ಮಾಮೂಲಿ ದಿನಗಳಲ್ಲಿ ಕ್ರಮ ಹೀಗೆ. ನಿಮ್ಮ ಕೈಯ ಹಿಂಭಾಗವನ್ನು ಅವರ ಕೈಗೆ ಮೆಲ್ಲಗೆ ತಾಗಿಸಿ, ಅವರೇ ನಿಮ್ಮ ಮೊಣಕೈಯ ಸ್ವಲ್ಪ ಮೇಲೆ ಹಿಡಿದುಕೊಳ್ಳುತ್ತಾರೆ. ನೀವು ಅರ್ಧ ಹೆಜ್ಜೆ ಮುಂದೆ. ಅವರನ್ನು ಹಿಡಿದು ತಳ್ಳುವುದಲ್ಲ, ನಿಮ್ಮನ್ನು ಹಿಡಿದು ಅವರು ಬರುವುದು. ಇದೇ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ.

ಸೋಂಕಿನ ಕಾಲದಲ್ಲಿ ಒಂದು ತಮಾಷೆ ಆಯಿತು. 'ಮೊಣಕೈಗೆ ಕೆಮ್ಮಿ' ಎಂದು ಎಲ್ಲರಿಗೂ ಹೇಳಿಕೊಟ್ಟರು. ಕಣ್ಣು ಕಾಣದವರು ಹಿಡಿಯುವುದು ಆ ಮೊಣಕೈಯ ಹತ್ತಿರವೇ! ಹಾಗಾಗಿ ಉಸಿರಿನಿಂದ ಹರಡುವ ರೋಗ ಇದ್ದಾಗ ಹೆಗಲು ವಾಸಿ. ನೀವು ಮುಂದೆ, ಅವರು ಕೈ ಚಾಚಿ ನಿಮ್ಮ ಹೆಗಲ ಮೇಲೆ ಇಟ್ಟು ಹಿಂದೆ. ಇಬ್ಬರ ಮುಖವೂ ಒಂದೇ ದಿಕ್ಕಿಗೆ ಇರುತ್ತದೆ, ನಡುವೆ ತೋಳಿನಷ್ಟು ಅಂತರವೂ ಸಿಗುತ್ತದೆ. ಇಬ್ಬರೂ ಮಾಸ್ಕ್ ಹಾಕಿ, ಮುಗಿದ ಮೇಲೆ ಇಬ್ಬರೂ ಕೈ ತೊಳೆಯಿರಿ.

ಮುಟ್ಟಲೇಬಾರದು ಎಂಬ ಸ್ಥಿತಿ ಬಂದರೆ ಮಾತಿನಲ್ಲೇ ದಾರಿ ತೋರಿಸಬೇಕು. ಹಿಂದೊಮ್ಮೆ ನಾನು ಒಬ್ಬ ಹಿರಿಯರಿಗೆ 'ಬನ್ನಿ ಬನ್ನಿ, ಹೀಗೆ ಬನ್ನಿ' ಎನ್ನುತ್ತಾ ಹೋದೆ. ಅವರು ನಿಂತು ನಕ್ಕರು. 'ಹೀಗೆ ಅಂದ್ರೆ ಹೇಗೆ ಸ್ವಾಮಿ?' ಎಂದರು. ಅಂದಿನಿಂದ ಅಲ್ಲಿ, ಇಲ್ಲಿ, ಹೀಗೆ ಎಂಬ ಪದಗಳನ್ನು ಬಿಡಲು ಪ್ರಯತ್ನ ಮಾಡುತ್ತಿದ್ದೇನೆ. ಈಗಲೂ ಬಾಯಿಗೆ ಬರುತ್ತವೆ. 'ಎರಡು ಹೆಜ್ಜೆ ಮುಂದೆ. ನಿಲ್ಲಿ. ಎಡಕ್ಕೆ ತಿರುಗಿ. ಮೂರು ಮೆಟ್ಟಿಲು, ಮೇಲಕ್ಕೆ.' ಎಡ ಬಲ ಯಾವಾಗಲೂ ಅವರದು, ನಿಮ್ಮದಲ್ಲ. ಎದುರುಬದುರು ನಿಂತರೆ ಇದು ಖಂಡಿತ ತಪ್ಪುತ್ತದೆ, ಅವರ ದಿಕ್ಕಿಗೇ ಮುಖ ಮಾಡಿ ನಿಂತು ಹೇಳಿ. ಮೆಟ್ಟಿಲು ಅಂದಾಗ ಮೇಲಕ್ಕೋ ಕೆಳಕ್ಕೋ ಹೇಳದಿದ್ದರೆ ಹೇಳಿಯೂ ಉಪಯೋಗವಿಲ್ಲ.

ಸಾಲಿನಲ್ಲಿ ಮುಂದಿನವರು ಸರಿದರೆ ಹೇಳಿ. ಬಯಲಿನ ನಡುವೆ ಬಿಟ್ಟು 'ಒಂದು ನಿಮಿಷ, ಬಂದೆ' ಎಂದು ಹೋಗಬೇಡಿ. ಗೋಡೆಯನ್ನೋ ಕಂಬವನ್ನೋ ಮುಟ್ಟಿಸಿ ಹೋಗಿ. ಮಾತು ಮುಗಿಸಿ ಹೊರಡುವಾಗ 'ಹೊರಟೆ' ಎನ್ನಿ. ಇಲ್ಲದಿದ್ದರೆ ಅವರು ಗಾಳಿಯ ಜೊತೆ ಮಾತಾಡುತ್ತಿರುತ್ತಾರೆ. ಕೋಲಿನ ತುದಿ ಹಿಡಿದು ಎಳೆಯುವವರಿಗೆ ಏನು ಹೇಳುವುದೋ ಗೊತ್ತಾಗುವುದಿಲ್ಲ, ಸುಮ್ನೆ ಬಿಡಿಸಿ.

ಮಾರ್ಗದರ್ಶಕ ನಾಯಿ ಇರುವವರು ಸಿಕ್ಕರೆ ನೆನಪಿಡಿ: ನಾಯಿಗೆ ಅಡ್ಡ ಬಂದದ್ದನ್ನು ತಪ್ಪಿಸುವುದು ಗೊತ್ತು, ಆರು ಅಡಿ ಅಂತರ ಗೊತ್ತಿಲ್ಲ. ಬಾಗಿಲು ಹುಡುಕು ಎಂದರೆ ಅದು ಸಾಲನ್ನು ದಾಟಿಕೊಂಡು ನೇರ ಬಾಗಿಲಿಗೆ ಹೋಗುತ್ತದೆ. ಬೈಯುವ ಬದಲು 'ಸಾಲು ನಿಮ್ಮ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿದೆ' ಎಂದರೆ ಕೆಲಸ ಮುಗಿಯಿತು.

ಮಾಸ್ಕಿನ ಬಗ್ಗೆ ಒಂದು ಮಾತು. ಮಂದದೃಷ್ಟಿ ಇರುವವರು ಮೆಟ್ಟಿಲು, ಹೊಂಡಗಳನ್ನು ಕಣ್ಣಿನ ಕೆಳ ಅಂಚಿನಿಂದ ಗಮನಿಸುತ್ತಾರೆ. ಉಬ್ಬಿದ ಮಾಸ್ಕ್ ಆ ಜಾಗವನ್ನೇ ಮುಚ್ಚುತ್ತದೆ, ಕನ್ನಡಕಕ್ಕೂ ಮಂಜು ಕವಿಯುತ್ತದೆ. ಮೂಗಿನ ಮೇಲೆ ಬಗ್ಗುವ ತಂತಿ ಇರುವ, ಮುಖಕ್ಕೆ ಕೂರುವ ಮಾಸ್ಕ್ ಹುಡುಕಿ. ನಿಮ್ಮ ಬಾಯಿಗೂ ಮಾಸ್ಕ್ ಇರುವುದರಿಂದ ಧ್ವನಿ ಗುರುತು ಸಿಗುವುದಿಲ್ಲ. ಪ್ರತಿ ಸಲ ಹೆಸರು ಹೇಳಿ ಮಾತು ಶುರುಮಾಡಿ.

ಆರನೆಯದು: ಆಸ್ಪತ್ರೆ

ಎಲ್ಲಕ್ಕಿಂತ ಕಷ್ಟದ ಜಾಗ ಇದು. ಜೊತೆಗಾರರನ್ನು ಒಳಗೆ ಬಿಡುವುದಿಲ್ಲ. ಒಳಗಿರುವವರೆಲ್ಲ ಒಂದೇ ಥರದ ಕವಚದೊಳಗೆ, ಎಲ್ಲರ ಧ್ವನಿಯೂ ಡಬ್ಬದೊಳಗಿಂದ ಬಂದ ಹಾಗೆ.

ಮೊದಲು ಜೊತೆಗಾರರಿಗೆ ಅನುಮತಿ ಕೇಳಿ ನೋಡಿ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ, ಆಪತ್ತಿನ ಕಾಲದಲ್ಲಿ ಅಂಗವಿಕಲರ ಸುರಕ್ಷತೆಗೆ ಬೇಕಾದ ಎಲ್ಲ ಕ್ರಮ ಕೈಗೊಳ್ಳುವುದು ಅದನ್ನು ಅಂಗೀಕರಿಸಿದ ದೇಶಗಳ ಕರ್ತವ್ಯ ಎನ್ನುತ್ತದೆ. ವಿನಯದಿಂದಲೇ ಹೇಳಿ, ಆದರೆ ಹೇಳಿ. 'ಇವರು ಭೇಟಿಗೆ ಬಂದವರಲ್ಲ, ರೋಗಿಯ ಕಣ್ಣು' ಎಂದರೆ ಕೆಲವೊಮ್ಮೆ ಬಾಗಿಲು ತೆರೆಯುತ್ತದೆ.

ತೆರೆಯದಿದ್ದರೆ? ಮೊದಲೇ ಒಂದು ಚೀಲ ಸಿದ್ಧವಿರಲಿ. ಫೋನು, ಚಾರ್ಜರ್, ಇಯರ್‌ಫೋನ್, ಬಿಳಿ ಕೋಲು, ಔಷಧಿಗಳು, ಕಣ್ಣಿನ ಹನಿ. ಮತ್ತು ದೊಡ್ಡ ಅಕ್ಷರದ ಒಂದು ಹಾಳೆ, ಹಾಸಿಗೆಯ ತಲೆಯ ಕಡೆ ಅಂಟಿಸಲು: 'ನನಗೆ ಕಣ್ಣು ಕಾಣಿಸುವುದಿಲ್ಲ. ದಯವಿಟ್ಟು ಹೆಸರು ಹೇಳಿ ಮಾತಾಡಿಸಿ. ಮುಟ್ಟುವ ಮೊದಲು ಹೇಳಿ. ನನ್ನ ಸಾಮಾನು ಸರಿಸಿದರೆ ತಿಳಿಸಿ.' ಪಾಳಿ ಬದಲಾದಾಗ ಹೊಸಬರಿಗೆ ಹೇಳುವವರು ಯಾರೂ ಇರುವುದಿಲ್ಲ, ಆ ಹಾಳೆ ಹೇಳುತ್ತದೆ.

ನೀವೇ ಆಸ್ಪತ್ರೆಯ ಸಿಬ್ಬಂದಿಯಾಗಿದ್ದರೆ ಇಷ್ಟು ಮಾಡಿ. 'ನಾನು ಬೆಳಗಿನ ಪಾಳಿಯ ನರ್ಸ್. ನಿಮ್ಮ ಬಲತೋಳಿಗೆ ಬಿಪಿ ಪಟ್ಟಿ ಸುತ್ತುತ್ತೀನಿ' ಎಂದು ಹೇಳಿ ಮುಟ್ಟಿ. ಕರೆಗಂಟೆ, ನೀರು, ಆಮ್ಲಜನಕದ ಕೊಳವೆ ಎಲ್ಲಿವೆ ಎಂದು ಅವರ ಕೈ ಹಿಡಿದು ಒಮ್ಮೆ ತೋರಿಸಿ. ಊಟದ ತಟ್ಟೆಯನ್ನು ಗಡಿಯಾರದ ಲೆಕ್ಕದಲ್ಲಿ ಹೇಳಿ: ಅನ್ನ ಆರು ಗಂಟೆಯ ಜಾಗದಲ್ಲಿ, ಪಲ್ಯ ಮೂರು ಗಂಟೆಯ ಜಾಗದಲ್ಲಿ. ಶೌಚಾಲಯದ ದಾರಿಯಲ್ಲಿ ಒಂದು ಸಲ ಜೊತೆಗೆ ನಡೆದು ಬಂದರೆ ಎರಡನೇ ಸಲಕ್ಕೆ ಎಷ್ಟೋ ಜನ ತಾವೇ ಹೋಗುತ್ತಾರೆ. ಸಹಿ ಹಾಕಿಸುವ ಕಾಗದವನ್ನು ಪೂರ್ತಿ ಓದಿ. 'ಮಾಮೂಲಿ ಫಾರಂ, ಇಲ್ಲಿ ಸಹಿ ಮಾಡಿ' ಅನ್ನುವುದು ಸರಿಯಲ್ಲ. ಮತ್ತೆ, ಪ್ರಶ್ನೆಯನ್ನು ರೋಗಿಗೇ ಕೇಳಿ, ಪಕ್ಕದವರಿಗಲ್ಲ. ಅವರಿಗೆ ಕಣ್ಣು ಕಾಣದೆ ಇರಬಹುದು, ಹೊಟ್ಟೆನೋವು ಅವರದೇ ತಾನೆ?

ಲಸಿಕೆ ಕೇಂದ್ರದಲ್ಲೂ ಇದೇ. ಯಾವ ತೋಳು, ಯಾವಾಗ ಚುಚ್ಚುತ್ತೀರಿ ಎಂದು ಮೊದಲೇ ಹೇಳಿದರೆ ಸಾಕು.

ಏಳನೆಯದು: ಇರುವ ಕಣ್ಣನ್ನು ಉಳಿಸಿಕೊಳ್ಳುವುದು

ಸೋಂಕಿನ ಗಲಾಟೆಯಲ್ಲಿ ಕಣ್ಣಿನ ಡಾಕ್ಟರು ಮರೆತೇಹೋಗುತ್ತಾರೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ ಇರುವವರು ಹನಿ ಬಿಡುವುದನ್ನು ನಿಲ್ಲಿಸುವಂತಿಲ್ಲ, ಅದರಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಹನಿಯ ಬಾಟಲಿ ಒಂದು ಹೆಚ್ಚಿಗೆ ಇರಲಿ. ವಯಸ್ಸಾದವರಲ್ಲಿ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ ಮಧ್ಯಭಾಗ ಹಾಳಾಗುವ ಒಂದು ಕಾಯಿಲೆಗೆ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಮುಂದೂಡಿದರೆ ಇರುವ ದೃಷ್ಟಿಯೂ ಹೋಗಬಹುದು, ಹಾಗಾಗಿ ಫೋನ್ ಮಾಡಿ ದಿನ ಗಟ್ಟಿಮಾಡಿಕೊಳ್ಳಿ. ಇದ್ದಕ್ಕಿದ್ದಂತೆ ಮಿಂಚಿನಂಥ ಬೆಳಕು, ಕಪ್ಪು ಚುಕ್ಕೆಗಳ ಮಳೆ, ಪರದೆ ಎಳೆದ ಹಾಗೆ ಕತ್ತಲು, ಅಥವಾ ಕೆಂಪು ಕಣ್ಣು, ವಿಪರೀತ ನೋವು, ವಾಂತಿ, ಇಂಥದ್ದು ಕಂಡರೆ ಲಾಕ್‌ಡೌನ್ ಇದ್ದರೂ ಆ ದಿನವೇ ಹೊರಡಬೇಕು.

ಎಂಟನೆಯದು: ಮನಸ್ಸು, ನಿದ್ದೆ

ಬೆಳಕೇ ಕಾಣದವರ ದೇಹದ ಗಡಿಯಾರ ಹಳಿ ತಪ್ಪುವುದುಂಟು. ಬೆಳಗಾಯಿತು ಎಂದು ಕಣ್ಣು ಮೆದುಳಿಗೆ ಹೇಳುವುದಿಲ್ಲ. ಕೆಲಸಕ್ಕೆ ಹೋಗುವ ಸಮಯ, ಊಟದ ಸಮಯಗಳೇ ಆ ಗಡಿಯಾರವನ್ನು ಹಿಡಿದು ನಿಲ್ಲಿಸಲು ನೆರವಾಗುತ್ತವೆ. ಮನೆಯಲ್ಲೇ ಕೂತಾಗ ಅವೂ ಹೋಗುತ್ತವೆ. ದಿನವೂ ಒಂದೇ ಹೊತ್ತಿಗೆ ಎದ್ದು, ಉಂಡು, ಸ್ವಲ್ಪ ನಡೆದಾಡುವಂತೆ ನೋಡಿಕೊಳ್ಳಿ. ನೀವು ದಿನವೂ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದರೂ ಅದೊಂದು ಗುರುತಾಗುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ದೃಷ್ಟಿ ಕಳೆದುಕೊಂಡ ಕೆಲವರಿಗೆ ಇಲ್ಲದ್ದು ಕಾಣುತ್ತದೆ: ಬಣ್ಣದ ವಿನ್ಯಾಸಗಳು, ಮುಖಗಳು, ಪುಟ್ಟ ಪುಟ್ಟ ಮನುಷ್ಯರು. ಇದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಎಂದು ಹೆಸರು. 1760ರಲ್ಲಿ ಸ್ವಿಟ್ಜರ್ಲೆಂಡಿನ ಬೋನೆ ತನ್ನ ಅಜ್ಜನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟ. ಕಣ್ಣಿನಿಂದ ಸುದ್ದಿ ಬಾರದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ, ಬುದ್ಧಿ ಕೆಟ್ಟಿದೆ ಎಂದಲ್ಲ. ಕೋವಿಡ್ ಕಾಲದ ಒಂಟಿತನದಲ್ಲಿ ಕೆಲವರಿಗೆ ಇದು ಜಾಸ್ತಿಯಾಯಿತು. ಜನ ಹುಚ್ಚು ಎಂದಾರು ಎಂದು ಅವರು ಬಾಯಿಬಿಡುವುದಿಲ್ಲ. 'ಕೆಲವರಿಗೆ ಹೀಗೆ ಏನೇನೋ ಕಾಣುತ್ತಂತೆ, ನಿಮಗೂ ಹಾಗಾಗುತ್ತಾ?' ಎಂದು ನೀವೇ ಕೇಳಿ. ಹೌದೆಂದರೆ ಧೈರ್ಯ ಹೇಳಿ, ವೈದ್ಯರಿಗೂ ತಿಳಿಸಿ.

ಕೊನೆಯದು: ಮುಗಿದಾಗಲೂ ಹೇಳಿ

ಸೋಂಕು ಇಳಿಯುತ್ತದೆ. ಅಡ್ಡ ಕಟ್ಟಿದ ಹಗ್ಗ ಬಿಚ್ಚುತ್ತಾರೆ, ಮುಚ್ಚಿದ್ದ ಬಾಗಿಲು ತೆರೆಯುತ್ತಾರೆ, ಕುರ್ಚಿಗಳು ಮೊದಲಿನ ಜಾಗಕ್ಕೆ ಬರುತ್ತವೆ. ಕಣ್ಣಿರುವವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಆದರೆ ಬಲಗಡೆಯ ಬಾಗಿಲಿನಿಂದ ಹೋಗುವುದನ್ನು ಎಣಿಸಿದ ಹೆಜ್ಜೆಗಳಲ್ಲಿ ರೂಢಿ ಮಾಡಿಕೊಂಡವರು ನಾಳೆಯೂ ಅಲ್ಲಿಗೇ ಹೋಗಿ ಮುಚ್ಚಿದ ಬಾಗಿಲಿಗೆ ಹಣೆ ತಾಗಿಸಿಕೊಳ್ಳುತ್ತಾರೆ. ಬಾಗಿಲು ಬದಲಾದ ದಿನವೇ ಒಂದು ಫೋನ್ ಮಾಡಿ, 'ಮುಂದಿನ ಬಾಗಿಲು ತೆರೆದಿದೆ' ಎಂದು ತಿಳಿಸಿ.